ಎರಡು ಬೆರಳು ಬಲಕ್ಕೆ

ಬೆಳಗಿನ ನಮಾಜು ಮುಗಿದ ಮೇಲೆ, ಚಹಾಕ್ಕೆ ನೀರಿಡುವ ಮೊದಲು, ಚಾಂದ್ ಬಿ ತಮ್ಮ ಮೂರು ಗಾಳಿ ಬಂದೂಕುಗಳ ನಳಿಗೆಯೊಳಗೆ ನೋಡುತ್ತಾರೆ. ಒಂದೊಂದನ್ನೇ ಮಂಡಿಯ ಮೇಲಿಟ್ಟುಕೊಂಡು ನಡುವಿಗೆ ಮಡಚಿ, ತುದಿಯನ್ನು ಕಿಟಕಿಯ ಕಡೆ ತಿರುಗಿಸಿ, ಹಿಂದಿನಿಂದ ಕಣ್ಣಿಡುತ್ತಾರೆ. ಒಳಗೆ ಗುಂಡು ಉಳಿದಿಲ್ಲವಾದರೆ ಆ ಕೊನೆಯಲ್ಲಿ ಆಕಾಶ ಒಂದು ಬಿಳಿ ಬೊಟ್ಟಿನಷ್ಟು ಕಾಣುತ್ತದೆ. ಕಂಡ ಮೇಲೆ ಬಿಸ್ಮಿಲ್ಲಾ ಎಂದು ಮುಚ್ಚಿ ಚೀಲಕ್ಕೆ ಹಾಕುತ್ತಾರೆ. ಗಂಡ ಶಫಿ ತೀರಿಕೊಂಡ ಮರುದಿನವೂ, ಮನೆ ತುಂಬ ನೆಂಟರು ಇರುವಾಗ, ಅಡಿಗೆ ಮೂಲೆಗೆ ಹೋಗಿ ಮೂರನ್ನೂ ನೋಡಿ ಬಂದಿದ್ದರಂತೆ. ಜ್ವರ ಬಂದ ದಿನವೂ ಬಿಟ್ಟಿಲ್ಲ. ಖಾಲಿ ಎಂದು ತಿಳಿದುಕೊಂಡ ಬಂದೂಕಿನಷ್ಟು ಕೆಟ್ಟದ್ದು ಬೇರೆ ಇಲ್ಲ ಎನ್ನುತ್ತಾರೆ.

ಯಲ್ಲಾಪುರ ಪೇಟೆಯ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ ಅವರದ್ದು. ವಯಸ್ಸು ಐವತ್ತೇಳು. ಮಾಗೋಡು ಜಲಪಾತಕ್ಕೆ ಬರುವವರು ಗಾಡಿ ನಿಲ್ಲಿಸುವ ಬಯಲಿನಲ್ಲಿ ಬಲೂನು ಹೊಡೆಯುವ ಅಂಗಡಿ ಇಟ್ಟುಕೊಂಡಿದ್ದರು. ಅಂಗಡಿ ಎಂದರೆ ಒಂದು ಹಲಗೆ, ಹಲಗೆಗೆ ಸಾಲಾಗಿ ಕಟ್ಟಿದ ಬಲೂನುಗಳು, ಆರು ಹೆಜ್ಜೆ ಈಚೆ ಒಂದು ಬೆಂಚು, ಬೆಂಚಿನ ಮೇಲೆ ಬಂದೂಕು. ಹತ್ತು ಗುಂಡಿಗೆ ಹತ್ತೂ ಬಲೂನು ಒಡೆದವರಿಗೆ ಒಂದು ಗೊಂಬೆ. ಇಪ್ಪತ್ತಾರು ವರ್ಷಗಳಲ್ಲಿ ಗೊಂಬೆ ಒಯ್ದವರು ತೀರಾ ಕಡಿಮೆ.

ಅದಕ್ಕೆ ಕಾರಣ ಒಂದು ನೊಣ. ನಳಿಗೆಯ ತುದಿಯಲ್ಲಿ ಗುರಿ ನೋಡಲು ಇರುವ ಸಣ್ಣ ಉಬ್ಬಿಗೆ ಅವರ ಮನೆಮಾತಿನಲ್ಲಿ ಮಖ್ಖಿ ಎನ್ನುತ್ತಾರೆ, ಎಂದರೆ ನೊಣ. ಹೊಸ ಬಂದೂಕು ತಂದ ದಿನವೇ ಶಫಿ ಇಕ್ಕಳ ಹಿಡಿದು ಆ ನೊಣವನ್ನು ಒಂದು ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸುತ್ತಿದ್ದರು. ನೊಣ ಬಲಕ್ಕೆ ಸರಿದರೆ ಗುಂಡು ಎಡಕ್ಕೆ ಹೋಗುತ್ತದೆ. ಗಿರಾಕಿ ಹತ್ತಕ್ಕೆ ಆರು ಒಡೆಯಬೇಕು, ನಾಲ್ಕೇ ಒಡೆದರೆ ಸಿಟ್ಟಾಗುತ್ತಾನೆ, ಹತ್ತೂ ಒಡೆದರೆ ನಮಗೆ ಉಪವಾಸ ಎನ್ನುವುದು ಶಫಿಯ ಮಾತು. ಸ್ವಲ್ಪ ದಿನ ಹೀಗೆ ನಡೆಯಲಿ, ನಾಲ್ಕು ಕಾಸು ಸೇರಿ ಕೈ ಸುಧಾರಿಸಿದ ಮೇಲೆ ನೆಟ್ಟಗೆ ಮಾಡೋಣ ಎಂದೂ ಹೇಳುತ್ತಿದ್ದರು. ಕೈ ಸುಧಾರಿಸುವ ಮೊದಲು ಅವರೇ ಹೋದರು. ನೊಣ ಹಾಗೆಯೇ ಉಳಿಯಿತು.

ಚಾಂದ್ ಬಿಗೆ ಮಾತ್ರ ಆ ಬಂದೂಕುಗಳ ಸುಳ್ಳು ಗೊತ್ತಿತ್ತು. ಬಲೂನಿಗಿಂತ ಎರಡು ಬೆರಳು ಬಲಕ್ಕೆ ಗುರಿ ಹಿಡಿದು ಹೊಡೆಯುತ್ತಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಸೆರಗು ಬಿಗಿದುಕೊಂಡು ನಿಂತು ಹತ್ತಕ್ಕೆ ಹತ್ತು ಒಡೆದರೆ ಸುತ್ತ ಜನ ಸೇರುತ್ತಿತ್ತು. ಈ ಅಮ್ಮನಿಗೆ ಆಗುವುದಾದರೆ ನಮಗೇನು ಎಂದು ಗಂಡಸರು ಮುಂದೆ ಬರುತ್ತಿದ್ದರು. ಅವರ ಗುರಿಯೇ ಆ ಅಂಗಡಿಯ ಜಾಹೀರಾತು.

ಹಾಗೆ ಬರುತ್ತಿದ್ದವರಲ್ಲಿ ಕೆರಿಯ ಒಬ್ಬ. ದೊಡ್ಡ ಮರ ಹತ್ತಿ ಹೆಜ್ಜೇನು ಇಳಿಸುವ ಕೆಲಸ ಅವನದ್ದು. ಎರಡು ಮೂರು ಭಾನುವಾರ ಬಂದು ಹೊಡೆದ, ಎಲ್ಲ ಎಡಕ್ಕೆ ಹೋಯಿತು. ಕೊನೆಯ ಸಲ ಬಂದೂಕನ್ನು ಬೆಂಚಿನ ಮೇಲೆ ಮೆತ್ತಗೆ ಇಟ್ಟು, ತನ್ನ ಕಣ್ಣು ಮೊದಲಿನ ಹಾಗಿಲ್ಲ, ಇನ್ನು ಮರ ಹತ್ತುವುದು ಸಾಕು ಎಂದ. ಚಾಂದ್ ಬಿ ನೊಣದ ವಿಷಯ ಬಾಯಿಬಿಡದೆ ಮುಂದಿನ ಗಿರಾಕಿಗೆ ಗುಂಡು ಎಣಿಸಿಕೊಟ್ಟರು. ಆ ವರ್ಷದಿಂದ ಅವನು ಕಿರವತ್ತಿಯ ಧಾಬಾ ಒಂದರಲ್ಲಿ ಪಾತ್ರೆ ತೊಳೆಯುತ್ತಾನೆ. ಇದನ್ನು ನನಗೆ ಹೇಳುವಾಗ ಚಾಂದ್ ಬಿ ಒಂದು ಮಾತು ಎರಡು ಸಲ ಹೇಳಿದರು. ಅವನ ಕಣ್ಣು ಸರಿ ಇತ್ತು.

ಕಳೆದ ನವೆಂಬರ್‌ನಲ್ಲಿ ಬಲೂನಿಗೆ ಕೊನೆ ಬಂತು. ಒಡೆದ ರಬ್ಬರಿನ ಚೂರು ಕಾಡಿನ ಪ್ರಾಣಿಗಳ ಹೊಟ್ಟೆ ಸೇರುತ್ತದೆ, ಇನ್ನು ಮೇಲೆ ಜಲಪಾತದ ಹತ್ತಿರ ಬಲೂನು ಕಟ್ಟುವಂತಿಲ್ಲ ಎಂದು ಆದೇಶವಾಯಿತು. ಅದು ಸುಳ್ಳಲ್ಲ ಎಂದು ಚಾಂದ್ ಬಿಗೂ ಗೊತ್ತಿತ್ತು. ದಿನಾ ಸಂಜೆ ಚೂರು ಹೆಕ್ಕುವವರು ಅವರೇ, ಎಷ್ಟು ಹೆಕ್ಕಿದರೂ ಹುಲ್ಲಿನಲ್ಲಿ ಉಳಿಯುತ್ತಿತ್ತು. ಆದರೆ ಅವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಹೋಟೆಲಿನಲ್ಲಿ ದಿನವಿಡೀ ನಿಲ್ಲಲು ಮಂಡಿ ಬಿಡುತ್ತಿರಲಿಲ್ಲ. ಹೊಲಿಗೆಗೆ ಕೂತರೆ ದಾರ ಪೋಣಿಸಲು ಪಕ್ಕದವರನ್ನು ಕರೆಯಬೇಕು. ದೂರದ್ದು ಕಾಣುವ ಕಣ್ಣು, ಹತ್ತಿರದ್ದು ಕಾಣುವುದಿಲ್ಲ. ಹುಬ್ಬಳ್ಳಿಯಲ್ಲಿರುವ ಮೈದುನ ಆರಿಫ್ ಬಂದು, ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿ ತನ್ನ ಮನೆಗೆ ಬಂದುಬಿಡಿ ಎಂದು ಹೇಳಿಹೋದ. ಬಂದೂಕುಗಳನ್ನು ಗುಜರಿಗೆ ಹಾಕಿದರಾಯಿತು ಎಂದೂ ಹೇಳಿದ. ಆರಿಫ್ ಕೆಟ್ಟವನಲ್ಲ. ಜೊತೆಗೆ ಬಂದ ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬಂದು ಕೂರಲಿಲ್ಲ. ಹುಬ್ಬಳ್ಳಿಯ ಆ ಮನೆಯ ಅಡಿಗೆಕೋಣೆಯ ಪಕ್ಕದ ಮೂಲೆ, ಅಲ್ಲಿ ಸುತ್ತಿಟ್ಟ ಚಾಪೆ ಚಾಂದ್ ಬಿಗೆ ಕಣ್ಣಿಗೆ ಕಟ್ಟಿತು. ಒಮ್ಮೆ ಅಲ್ಲಿಗೆ ಹೋದರೆ ಮತ್ತೆ ತನ್ನದು ಎನ್ನುವ ಒಂದು ಲೋಟವೂ ಇರುವುದಿಲ್ಲ ಎಂದು ಗೊತ್ತಾಯಿತು.

ಆ ವಾರ ದುವಾದಲ್ಲಿ ಅವರು ಕೇಳಿದ್ದು ಒಂದೇ. ಯಾರ ಬಾಗಿಲಿಗೂ ಹೋಗಿ ನಿಲ್ಲದ ಹಾಗೆ ಒಂದು ಕೆಲಸ.

ಕೇಳಿದ ಐದನೇ ದಿನಕ್ಕೆ ಸಿದ್ದಾಪುರದ ವಿಘ್ನೇಶ್ವರ ಹೆಗಡೆಯವರು ಹುಡುಕಿಕೊಂಡು ಬಂದರು. ಕಿರವತ್ತಿ ಹತ್ತಿರ ಹೆದ್ದಾರಿಯ ಪಕ್ಕ ಪ್ರವಾಸಿಗರಿಗೆಂದು ಅವರು ವಸತಿಗೃಹ ಕಟ್ಟಿಸಿದ್ದರು. ಹಿಂದುಗಡೆ ಇಪ್ಪತ್ತೈದು ಮೀಟರಿನ ಒಂದು ಗುರಿ ಹೊಡೆಯುವ ಜಾಗ, ಆ ಕೊನೆಗೆ ಎತ್ತರದ ಮಣ್ಣಿನ ದಿಬ್ಬ. ಬಲೂನಿಲ್ಲ, ಕಾಗದದ ಮೇಲೆ ಕಪ್ಪು ಬೊಟ್ಟು. ಅದನ್ನು ನೋಡಿಕೊಳ್ಳಲು, ಬಂದವರಿಗೆ ಹೇಳಿಕೊಡಲು ಒಬ್ಬರು ಬೇಕಾಗಿತ್ತು. ಎರಡು ವರ್ಷದ ಹಿಂದೆ ಮಾಗೋಡಿನಲ್ಲಿ ಚಾಂದ್ ಬಿ ಹತ್ತಕ್ಕೆ ಹತ್ತು ಒಡೆದದ್ದನ್ನು ಅವರು ಕಂಡಿದ್ದರು. ಇರಲು ಒಂದು ಕೋಣೆಯನ್ನೂ ಕೊಡುತ್ತೇನೆ ಎಂದರು.

ಅದಕ್ಕೂ ಮೊದಲು ಒಂದು ಕೆಲಸವಿತ್ತು. ಹೆಗಡೆಯವರ ಗೆಳೆಯ ಶಶಾಂಕ ಶಿರಸಿಯಲ್ಲಿ ಹಲ್ಲಿನ ಡಾಕ್ಟರು. ಗಾಳಿ ಬಂದೂಕಿನ ಗುರಿ ಅವರ ಹವ್ಯಾಸ. ವ್ಯಾಪಾರಿಯೊಬ್ಬನಿಂದ ಎರಡು ಬಂದೂಕು ನೋಡಲು ತಂದಿದ್ದರು. ಎರಡೂ ಹೊರದೇಶದ್ದು, ಒಂದರ ಬೆಲೆಗೆ ಹಳೆಯ ಟೆಂಪೊ ಬರುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕೊಡಬೇಕು. ಯಾವುದನ್ನು ಎಂದು ಗೆಳೆಯರಿಬ್ಬರಿಗೂ ತೀರ್ಮಾನವಾಗಿರಲಿಲ್ಲ. ದಿನಾ ಬಂದೂಕು ಹಿಡಿಯುವವರೇ ಹೊಡೆದು ನೋಡಿ ಹೇಳಲಿ ಎಂದು ಚಾಂದ್ ಬಿಯನ್ನು ಕರೆಸಿದರು.

ಸೋಮವಾರ ಬೆಳಿಗ್ಗೆ ಶಶಾಂಕ ಎರಡನ್ನೂ ಮೇಜಿನ ಮೇಲಿಟ್ಟರು. ಒಂದಕ್ಕೆ ಅಕ್ರೋಟು ಮರದ ಮೈ, ಸವರಿದರೆ ಹಳೆಯ ತೊಟ್ಟಿಲಿನ ಕೋಲಿನ ಹಾಗೆ ನುಣುಪು. ಇನ್ನೊಂದಕ್ಕೆ ಅಲ್ಯುಮಿನಿಯಮ್ ಮೈ, ಕೆನ್ನೆಗೆ ಒಂದು, ಹೆಗಲಿಗೆ ಒಂದು ಎಂದು ಮೇಲೆ ಕೆಳಗೆ ಸರಿಸುವ ತಿರುಪುಗಳು. ಎರಡರ ಮೇಲೂ ಒಂದೊಂದು ದುರ್ಬೀನು. ಚಾಂದ್ ಬಿ ಮರದ್ದನ್ನು ಎತ್ತಿಕೊಂಡು ಅಲ್ಲಿ ಇಲ್ಲಿ ಮುಟ್ಟಿ ನೋಡಿ ಕೇಳಿದರು.

"ಇದನ್ನ ಮಡಚೋದು ಎಲ್ಲಿ ಡಾಕ್ಟ್ರೆ?"

ಮಡಚುವುದಿಲ್ಲ ಎಂದು ಶಶಾಂಕ ನಕ್ಕರು. ಚಾಂದ್ ಬಿಯ ಹಳೆಯ ಬಂದೂಕಿನಲ್ಲಿ ಮಡಚಿದಾಗ ಒಳಗಿನ ಸ್ಪ್ರಿಂಗು ಬಿಗಿಯುತ್ತದೆ, ಅದು ಬಿಟ್ಟುಕೊಂಡಾಗ ಗಾಳಿ ತಳ್ಳುತ್ತದೆ. ಇವಕ್ಕೆ ಸಿಲಿಂಡರಿನಿಂದ ಮೊದಲೇ ಗಾಳಿ ತುಂಬಿಟ್ಟುಕೊಳ್ಳಬೇಕು, ಪಕ್ಕದ ಹಿಡಿ ಎಳೆದು ಗುಂಡು ಹಾಕಬೇಕು. ಆದರೆ ನಳಿಗೆಯೊಳಗೆ ನೋಡದೆ ಚಾಂದ್ ಬಿ ಹೊಡೆಯಲೊಪ್ಪಲಿಲ್ಲ. ಕೊನೆಗೆ ಶಶಾಂಕ ಕಾರಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತಂದು, ಗುಂಡು ಹಾಕುವ ಜಾಗದಲ್ಲಿ ಓರೆಯಾಗಿ ಹಿಡಿದರು. ಅದರಲ್ಲಿ ಬಿಳಿ ಬೊಟ್ಟು ಕಂಡಿತು.

"ಹುಳುಕಿಲ್ಲ, ಧೈರ್ಯವಾಗಿ ಹೊಡೀರಿ," ಎಂದರು ಡಾಕ್ಟರು.

ಮೊದಲ ದಿನ ದುರ್ಬೀನುಗಳ ಗುರಿಯನ್ನು ಇನ್ನೂ ಸರಿ ಮಾಡಿರಲಿಲ್ಲ. ಗುಂಡು ಎಲ್ಲಿ ಬೀಳುತ್ತದೆ ಎನ್ನುವುದು ಇವತ್ತು ಲೆಕ್ಕಕ್ಕಿಲ್ಲ, ಐದೂ ಎಷ್ಟು ಒತ್ತೊತ್ತಾಗಿ ಬೀಳುತ್ತವೆ ಎನ್ನುವುದಷ್ಟೇ ಮುಖ್ಯ, ಆಮೇಲೆ ತಿರುಪು ತಿರುಗಿಸಿ ನಡುವಿಗೆ ತಂದರಾಯಿತು ಎಂದು ಶಶಾಂಕ ಹೇಳಿದರು. ಚಾಂದ್ ಬಿ ಸಂಜೆಯವರೆಗೆ ಹೊಡೆದರು. ಅವರ ಹಳೆಯ ಬಂದೂಕು ಹೆಗಲಿಗೆ ಒದೆಯುತ್ತಿತ್ತು, ಇವು ಸೀನು ತಡೆದುಕೊಂಡವರ ಹಾಗೆ ಸಣ್ಣ ಸದ್ದು ಮಾಡಿ ಸುಮ್ಮನಾಗುತ್ತಿದ್ದವು. ಮರದ್ದರ ಐದು ಗುಂಡನ್ನು ಒಂದು ಹುಣಸೆಬೀಜದಲ್ಲಿ ಮುಚ್ಚಬಹುದಿತ್ತು. ಅಲ್ಯುಮಿನಿಯಮ್‌ನದ್ದಕ್ಕೆ ಬಟಾಣಿ ಸಾಕಾಗುತ್ತಿತ್ತು. ಮರದ್ದು ಮೂವತ್ತು ಗುಂಡಿನವರೆಗೆ ನಂಬಿಗಸ್ತ, ಆಮೇಲೆ ಗಾಳಿ ಕಡಿಮೆಯಾಗಿ ಗುಂಡು ಕೆಳಗೆ ಇಳಿಯುತ್ತಿತ್ತು. ಇನ್ನೊಂದು ಅರವತ್ತರವರೆಗೂ ಅದೇ ಜಾಗ ಬಿಡಲಿಲ್ಲ. ಸದ್ದು ಕೇಳಿಯೇ ಗಾಳಿ ಕಡಿಮೆಯಾದದ್ದನ್ನು ಚಾಂದ್ ಬಿ ಹೇಳಿದರು. ಶಶಾಂಕ ಗಾಳಿಯ ಮಾಪಕದ ಮುಳ್ಳು ನೋಡಿದರೆ ಹೌದು.

ಹಾಗಾದರೆ ಅಲ್ಯುಮಿನಿಯಮ್‌ನದ್ದೇ ಸೈ ಎಂದು ಹೆಗಡೆಯವರು ಹೇಳಿದಾಗ ಚಾಂದ್ ಬಿ ತಲೆಯಾಡಿಸಿದರು. ಅದರ ಟ್ರಿಗರ್ ತೀರ ಹಗುರ, ಬೆರಳು ತಾಗಿದರೆ ಹಾರುತ್ತದೆ. ಬಿಗಿ ಮಾಡಬಹುದು ನಿಜ, ಆದರೆ ಗಂಡ ಹೊಡೆದ ಮೇಲೆ ಹೆಂಡತಿ ಹಿಡಿದರೆ ಕೆನ್ನೆಯ ತಿರುಪು, ಹೆಗಲಿನ ತಿರುಪು ಎಲ್ಲ ಬೇರೆ. ಒಬ್ಬೊಬ್ಬರಿಗೂ ಕೂಡಿಸುತ್ತ ಕೂತರೆ ಸಾಲಿನಲ್ಲಿದ್ದವರು ಎದ್ದು ಹೋಗುತ್ತಾರೆ. ಮರದ್ದು ಹಗುರ, ಎಡಗೈಯವರಿಗೂ ಬರುತ್ತದೆ, ಟ್ರಿಗರನ್ನು ತಡೆಹಿಡಿಯುವ ಗುಂಡಿ ಹೆಬ್ಬೆರಳಿಗೇ ಸಿಗುತ್ತದೆ. ಇಪ್ಪತ್ತೈದಕ್ಕೊಮ್ಮೆ ಗಾಳಿ ತುಂಬುವ ನೆನಪಿದ್ದರೆ ಸಾಕು.

"ಗುರಿಗೆ ಅದು. ಗಿರಾಕಿಗೆ ಇದು," ಎಂದರು ಚಾಂದ್ ಬಿ.

ಹೆಗಡೆಯವರು ಗೆಳೆಯನ ಬೆನ್ನು ತಟ್ಟಿದರು. "ನೋಡು ಮಾರಾಯಾ, ನೀನು ತಿಂಗ್ಳಿಂದ ಓದಿದ್ದೇ ಓದಿದ್ದು. ಇವ್ರು ಒಂದು ದಿನಕ್ಕೆ ಹೇಳಿಬಿಟ್ರು."

ಆ ಸಂಜೆ ಯಲ್ಲಾಪುರದ ಬಸ್ಸಿನಲ್ಲಿ ಚಾಂದ್ ಬಿ, ಕೆಲಸ ಸಿಕ್ಕಿತು ಎಂದೇ ತಿಳಿದುಕೊಂಡರು. ಒಂದು ಮಾತು ಬಾಕಿ ಇತ್ತು, ಅದನ್ನು ಅವರು ದೊಡ್ಡದು ಮಾಡಿಕೊಂಡಿರಲಿಲ್ಲ. ಮರುದಿನ ಹೆಗಡೆಯವರ ಎದುರು ಐದು ಗುಂಡನ್ನು ಕಪ್ಪು ಬೊಟ್ಟಿನೊಳಗೆ ಹೊಡೆದು ತೋರಿಸಬೇಕಾಗಿತ್ತು, ಅಷ್ಟೆ.

ಮಂಗಳವಾರದ ಹೊತ್ತಿಗೆ ಶಶಾಂಕ ಎರಡೂ ದುರ್ಬೀನುಗಳ ಗುರಿಯನ್ನು ಸರಿಯಾಗಿ ನಡುವಿಗೆ ತಂದಿಟ್ಟಿದ್ದರು. ಚಾಂದ್ ಬಿ ಮರದ್ದನ್ನು ಹಿಡಿದು ಐದು ಹೊಡೆದರು. ಕಾಗದ ತಂದು ನೋಡಿದರೆ ಐದೂ ಒಂದೇ ಕಡೆ, ಹುಣಸೆಬೀಜದಷ್ಟು ಜಾಗದಲ್ಲಿ, ಕಪ್ಪು ಬೊಟ್ಟಿನಿಂದ ಎರಡು ಬೆರಳು ಬಲಕ್ಕೆ. ಕಪ್ಪಿನೊಳಗೆ ಒಂದೂ ಇಲ್ಲ.

ದುರ್ಬೀನು ಅಲುಗಿರಬೇಕು ಎಂದು ಶಶಾಂಕ ತಾವೇ ಹೊಡೆದರು. ನಡುವಿಗೇ ಬಿತ್ತು. ಅಲ್ಯುಮಿನಿಯಮ್‌ನದ್ದನ್ನು ಕೊಟ್ಟು ನೋಡಿದರು. ಚಾಂದ್ ಬಿಯ ಐದೂ ಮತ್ತೆ ಎರಡು ಬೆರಳು ಬಲಕ್ಕೆ. ಶಶಾಂಕ ಎರಡು ಕಾಗದಗಳನ್ನು ಒಂದರ ಮೇಲೊಂದಿಟ್ಟು ಬಿಸಿಲಿಗೆ ಹಿಡಿದರು. ತೂತಿನ ಮೇಲೆ ತೂತು ಕೂತಿತ್ತು. ಬೇರೆ ಬೇರೆ ದೇಶದಲ್ಲಿ ಮಾಡಿದ ಎರಡು ಬಂದೂಕು ಒಂದೇ ತಪ್ಪು ಮಾಡುವುದಿಲ್ಲ.

ಹೆಗಡೆಯವರು ಗದರಲಿಲ್ಲ. ಅದೇ ಚಾಂದ್ ಬಿಗೆ ಹೆಚ್ಚು ಕಷ್ಟವಾಯಿತು.

"ನೋಡಿ ಚಾಂದ್ ಬಿ, ಹುಬ್ಬಳ್ಳಿಯವ್ನೊಬ್ಬ ತರಬೇತಿ ಆದವ ಇದ್ದ. ಇವತ್ತೇ ಉತ್ತರ ಬೇಕು ಅಂತ ಕೇಳ್ತಾ ಇದ್ದ. ನಾ ನಿಮ್ಮನ್ನ ಕರೆದದ್ದೇ ನೀವು ತಪ್ಪೋದಿಲ್ಲ ಅಂತ. ಬಂದವ್ರ ಎದುರು ಹೇಳಿಕೊಡೋರೇ ತಪ್ಪಿದ್ರೆ ಎಂತ ಉಳೀತು? ಊಟ ಮಾಡ್ಕಂಡು ಬರ್ತೆ. ಐದು ಗುಂಡು, ಕಪ್ಪಿನೊಳಗೆ. ಆಗ್ಲಿಲ್ಲ ಅಂದ್ರೆ ನಂಗೂ ಬೇರೆ ದಾರಿ ಇಲ್ಲೆ."

ಅವರ ಜೀಪು ಹೋಯಿತು. ಚಾಂದ್ ಬಿ ಊಟ ಬೇಡವೆಂದು ಮತ್ತೆ ಮೇಜಿಗೆ ಕೂತರು.

ಶಶಾಂಕ ಈ ಸಲ ಕಾಗದ ನೋಡಲಿಲ್ಲ, ಚಾಂದ್ ಬಿಯ ಮಣಿಕಟ್ಟು ನೋಡಿದರು. ದುರ್ಬೀನಿನ ಗೆರೆ ಕಪ್ಪಿನ ನಡುವೆಯೇ ಇರುತ್ತಿತ್ತು. ಉಸಿರು ನಿಲ್ಲುತ್ತಿತ್ತು. ಟ್ರಿಗರಿನ ಮೇಲೆ ಬೆರಳು ಬಿಗಿಯುವ ಆ ಒಂದು ಗಳಿಗೆಯಲ್ಲಿ ಕೈ ತಾನಾಗಿ ಚೂರು ಬಲಕ್ಕೆ ಜಾರುತ್ತಿತ್ತು. ಅವರು ಹೇಳಿದಾಗ ಚಾಂದ್ ಬಿ ನಂಬಲಿಲ್ಲ. ಮುಂದಿನ ಗುಂಡಿಗೆ ತಮ್ಮ ಕೈಯನ್ನೇ ಗಮನಿಸಿದರು. ಜಾರಿದ್ದು ಗೊತ್ತಾಯಿತು. ಇಪ್ಪತ್ತಾರು ವರ್ಷ ಬಂದೂಕಿನಲ್ಲಿದೆ ಎಂದುಕೊಂಡಿದ್ದ ಸೊಟ್ಟ ತಮ್ಮೊಳಗೆ ಬಂದು ಯಾವಾಗ ಕೂತಿತು ಎಂದು ಅವರಿಗೇ ತಿಳಿಯಲಿಲ್ಲ.

ತಡೆಯಲು ನೋಡಿದರು. ಬೇಕೆಂದೇ ಎಡಕ್ಕೆ ಹಿಡಿದರು. ಆಗ ಗುಂಡುಗಳು ಚದುರಿ ಹೋದವು, ಒಂದು ಮೇಲೆ, ಒಂದು ಕೆಳಗೆ, ಒಂದು ಕಾಗದವನ್ನೇ ಬಿಟ್ಟು ಮಣ್ಣಿಗೆ. ಹುಣಸೆಬೀಜದಷ್ಟಿದ್ದದ್ದು ಅಂಗೈಯಷ್ಟಾಯಿತು. ಕೈಗೆ ಗೊತ್ತಿದ್ದ ಒಂದು ವಿದ್ಯೆಯೂ ಹೋಗುವ ಹಾಗೆ ಕಂಡಿತು. ಹತ್ತು ಹೊಡೆದರು, ಇನ್ನೂ ಹತ್ತು ಹೊಡೆದರು. ಶಶಾಂಕ ಗಾಳಿ ತುಂಬಿಕೊಟ್ಟರು. ಕಣ್ಣಿನಲ್ಲಿ ನೀರು ಬಂದು ದುರ್ಬೀನಿನೊಳಗಿನ ಕಪ್ಪು ಬೊಟ್ಟು ಒಡೆದು ಎರಡಾಯಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಹೊಡೆದರು. ಬಾಯಲ್ಲಿ ದೇವರ ಹೆಸರಿತ್ತು, ಬೇಡಲು ಮಾತು ಇರಲಿಲ್ಲ. ಕೆಲಸ ಬೇಡಿದ್ದರು, ಕೆಲಸ ಬಾಗಿಲಿಗೇ ಬಂದಿತ್ತು. ಇನ್ನು ಏನೆಂದು ಬೇಡುವುದು?

ಬಂದೂಕು ಕೆಳಗಿಟ್ಟು ಅವರು ಶಶಾಂಕರಿಗೆ ನೊಣದ ಕತೆ ಹೇಳಿದರು. ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಕೆರಿಯನ ಮಾತನ್ನೂ ಹೇಳಿದರು. ಇಲ್ಲಿಂದ ಅವನಿರುವ ಧಾಬಾದ ತಗಡಿನ ಮಾಡು ಕಾಣುತ್ತಿತ್ತು. ಅದನ್ನು ತೋರಿಸಿದರು.

ಶಶಾಂಕ ಮರದ ಬಂದೂಕನ್ನು ಹತ್ತಿರ ಎಳೆದುಕೊಂಡು, ದುರ್ಬೀನಿನ ಪಕ್ಕದಲ್ಲಿದ್ದ ತಿರುಪಿನ ಮುಚ್ಚಳ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಅದನ್ನು ಒಂದು ಸಲ ತಿರುಗಿಸಿದರೆ ಟಿಕ್ ಎನ್ನುತ್ತದೆ, ಗುಂಡು ಒಂದು ಅಕ್ಕಿಕಾಳಿನ ದಪ್ಪದಷ್ಟು ಸರಿಯುತ್ತದೆ. ಇಪ್ಪತ್ತು ಟಿಕ್ ಎಡಕ್ಕೆ ತಿರುಗಿಸಿದರೆ ಎರಡು ಬೆರಳು.

"ಅಮ್ಮಾ, ನೀವು ಕೈಗೆ ಏನೂ ಹೇಳೋದು ಬೇಡ. ಯಾವಾಗಿನ ಹಾಗೇ ಹೊಡೀರಿ, ಐದೂ ನಡುವಿಗೇ ಹೋಗ್ತದೆ. ವಿಘ್ನೇಶ್ವರಂಗೆ ಇದೆಲ್ಲ ತಿಳಿಯೋದಿಲ್ಲ. ಆಮೇಲೆ ನಾ ತಿರುಗಿಸಿ ಇಡ್ತೆ."

ಹೆದ್ದಾರಿಯಿಂದ ಜೀಪು ಒಳಗೆ ತಿರುಗಿ ಜಲ್ಲಿಯ ಮೇಲೆ ಬರುವ ಸದ್ದು ಕೇಳಿಸಿತು.

ಚಾಂದ್ ಬಿ ಆ ತಿರುಪನ್ನು ನೋಡಿದರು. ಶಫಿಯ ಇಕ್ಕಳವೂ ನೊಣವನ್ನು ಹೀಗೆಯೇ ಮೆತ್ತಗೆ ಹಿಡಿದಿತ್ತು. ಎದುರಿಗೆ ಇದ್ದದ್ದು ಒಂದು ಕೋಣೆ, ತಮ್ಮದೇ ಒಲೆ, ಬೆಳಿಗ್ಗೆ ನೋಡಲು ನಾಲ್ಕನೆಯ ಒಂದು ನಳಿಗೆ. ಹಿಂದೆ ಇದ್ದದ್ದು ಆರಿಫನ ಮನೆಯ ಮೂಲೆ. ಅದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

"ಬ್ಯಾಡ್ರಿ ಡಾಕ್ಟ್ರೆ," ಎಂದರು. "ಅದು ನೆಟ್ಟಗೈತಿ. ಸೊಟ್ಟ ಇರೋದು ನಾನು."

"ಇವತ್ತೊಂದು ದಿನಕ್ಕೆ ಅಷ್ಟೇ."

"ನಮ್ಮ ಮನೆಯವ್ರೂ ಹಂಗ ಅಂದಿದ್ರು."

ಶಶಾಂಕರ ಅಂಗೈಯಿಂದ ಮುಚ್ಚಳ ಎತ್ತಿಕೊಂಡು, ಹತ್ತಿರದ್ದು ಕಾಣದ ಕಣ್ಣಿಗೆ ಅದರ ಎಳೆ ಸಿಗದೆ ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ತಿರುಪಿನ ಮೇಲೆ ಕೂರಿಸಿ ಬಿಗಿ ಮಾಡಿದರು.